ಪಿಯುಸಿ ಆದವರು ಬೇಕಾಗಿದ್ದಾರೆ

ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಫೋನ್ ಬಂತು.

“ಅಕ್ಕಾರ, ಯಾರೂ ಬಂದಿಲ್ರಿ ಇನ್ನಾ.”

ರಾಯಚೂರು ಕಡೆಯ ಹುಡುಗ. ಬಿ.ಎ. ಎರಡನೇ ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಆವತ್ತು ಇತಿಹಾಸದ ಪರೀಕ್ಷೆ, 9:30ಕ್ಕೆ ಶುರು. ಅವನು ಬಾಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕೂತು ಬರೆಯುವವರಿಗೆ ಸ್ಕ್ರೈಬ್ ಅನ್ನುತ್ತಾರೆ. ಆ ಸ್ಕ್ರೈಬ್ ಬಂದಿರಲಿಲ್ಲ. ಎರಡು ದಿನದ ಹಿಂದೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದ್ದರು. ಈಗ ಫೋನ್ ಎತ್ತುತ್ತಿಲ್ಲ.

ನಾನಾಗ ಬೆಂಗಳೂರಿನ ಒಂದು ಪುಟ್ಟ ಟ್ರಸ್ಟ್‌ನಲ್ಲಿ ಸ್ವಯಂಸೇವಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಸಂಸ್ಥೆಯ ಹೆಸರು ಬೇಡ. ಕಣ್ಣು ಕಾಣದ ಕಾಲೇಜು ಹುಡುಗರಿಗೆ ಒಂದು ಹಾಸ್ಟೆಲ್, ಪಾಠ ಓದಿ ಹೇಳುವವರ ವ್ಯವಸ್ಥೆ, ಪರೀಕ್ಷೆಗೆ ಸ್ಕ್ರೈಬ್. ಇಷ್ಟೇ ನಮ್ಮ ಕೆಲಸ. ಹುಡುಗರಲ್ಲಿ ಹೆಚ್ಚಿನವರು ರಾಯಚೂರು, ಕಲಬುರಗಿ, ಚಾಮರಾಜನಗರ ಕಡೆಯವರು. ಎಲ್ಲರೂ ಕನ್ನಡ ಮಾಧ್ಯಮ. ಈ ‘ಕನ್ನಡ ಮಾಧ್ಯಮ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆವತ್ತು ನನ್ನ ಕೈಯಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಇತ್ತು. ಕಾಲೇಜಿನ ಹತ್ತಿರ ಯಾರ ಮನೆ ಇದೆ ಅಂತ ಹುಡುಕಿ ಒಂದರ ಹಿಂದೆ ಒಂದು ಫೋನ್ ಮಾಡಿದೆ. ಹನ್ನೊಂದನೆಯ ಕರೆಗೆ ಒಬ್ಬ ಹುಡುಗ ಸಿಕ್ಕಿದ. ಸಾಫ್ಟ್‌ವೇರ್ ಕಂಪನಿಯವನು, ಮನೆಯಿಂದಲೇ ಕೆಲಸ. ಹೇಳಿದ ತಕ್ಷಣ ಆಟೋ ಹತ್ತಿದ. 9:50ಕ್ಕೆ ಕಾಲೇಜಿನ ಗೇಟಿನಲ್ಲಿದ್ದ. ಅಬ್ಬಾ ಅಂತ ಉಸಿರು ಬಿಟ್ಟೆ. ಐದೇ ನಿಮಿಷಕ್ಕೆ ಅವನದೇ ಫೋನ್. “ಮೇಡಂ, ಒಳಗೆ ಬಿಡ್ತಿಲ್ಲ. ನಾನು ಬಿ.ಇ. ಮಾಡಿದ್ದೀನಂತೆ, ಅದಕ್ಕೆ ಆಗಲ್ಲವಂತೆ.”

ಪರೀಕ್ಷಾ ಕೇಂದ್ರದವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಕಡೆಗೆ ಕಾಲೇಜಿನ ಗ್ರಂಥಾಲಯದಲ್ಲಿ ಓದಿಕೊಳ್ಳುತ್ತಾ ಕೂತಿದ್ದ ಮೊದಲನೇ ವರ್ಷದ ಬಿ.ಕಾಂ. ಹುಡುಗಿಯೊಬ್ಬಳನ್ನು ಅಲ್ಲಿನ ಮೇಷ್ಟ್ರೇ ಕೇಳಿ ಕರೆತಂದರು. ತುರ್ತು ಸಂದರ್ಭದಲ್ಲಿ ಸ್ಕ್ರೈಬ್ ಬದಲಾಯಿಸಲು ಅವಕಾಶ ಇದೆ. ಪರೀಕ್ಷೆ ಶುರುವಾದಾಗ 10:15. ನಮ್ಮ ಹುಡುಗ ಪಾಸಾದ. ಆದರೆ ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. ಎರಡೂ ಅವನಿಗೆ ಬರುತ್ತಿದ್ದವು.

ಇದು ನಡೆದದ್ದು 2023ರ ಮೊದಲ ತಿಂಗಳುಗಳಲ್ಲಿ. ಆಮೇಲಿನ ಒಂದೂವರೆ ವರ್ಷದಲ್ಲಿ ನಾವು ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಬೇರೆ ಸಂಘಗಳವರು “ನಿಮ್ಮಲ್ಲಿ ಸ್ವಯಂಸೇವಕರು ಹೇಗೆ ನಿಲ್ಲುತ್ತಾರೆ?” ಅಂತ ಕೇಳುತ್ತಲೇ ಇರುತ್ತಾರೆ. ನಿಲ್ಲುತ್ತಿರಲಿಲ್ಲ. ಅಲ್ಲಿಂದಲೇ ಶುರು ಮಾಡಬೇಕು.

ಪಟ್ಟಿ

ಆ ಪಟ್ಟಿ ಹುಟ್ಟಿದ್ದು ಹೀಗೆ. ಅಪಾರ್ಟ್‌ಮೆಂಟಿನ ದಸರಾ ಕಾರ್ಯಕ್ರಮದಲ್ಲಿ ಒಂದು ಮೇಜು ಹಾಕುತ್ತಿದ್ದೆವು. ಕಂಪನಿಗಳಿಗೆ ಹೋಗಿ ಮಾತಾಡುತ್ತಿದ್ದೆವು. ಫೇಸ್‌ಬುಕ್‌ನಲ್ಲಿ ಹಾಕುತ್ತಿದ್ದೆವು. ಬಂದವರಿಗೆ ಒಂದು ಫಾರಂ. ಹೆಸರು, ಫೋನ್, ಇಮೇಲ್, ‘ನಿಮಗೆ ಯಾವಾಗ ಬಿಡುವು?’. ಪ್ರತಿ ಸಲವೂ ಇಪ್ಪತ್ತು, ಮೂವತ್ತು ಹೆಸರು ಸಿಗುತ್ತಿತ್ತು. ವರ್ಷದ ವರದಿಯಲ್ಲಿ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೆವು. ದಾನಿಗಳಿಗೂ ಖುಷಿ, ನಮಗೂ ಖುಷಿ.

ಆ ಘಟನೆಯ ನಂತರ ಎರಡು ವಾರ ಕೂತು ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಇಷ್ಟು ದಿನ ಯಾಕೆ ಮಾಡಿರಲಿಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ. ಸುಮಾರು ಜನಕ್ಕೆ ನಮ್ಮ ಹೆಸರೇ ನೆನಪಿರಲಿಲ್ಲ. “ಯಾವ ಸಂಸ್ಥೆ? ಸಾಲ ಬೇಡ ಮೇಡಂ” ಅಂತ ಇಟ್ಟವರೂ ಇದ್ದಾರೆ. ಕೆಲವರು ಊರು ಬಿಟ್ಟಿದ್ದರು. ವಿಜಯನಗರದ ಒಬ್ಬ ಅಜ್ಜಿ ಮಾತ್ರ ಚೆನ್ನಾಗಿ ಬೈದರು. “ಎರಡು ವರ್ಷದಿಂದ ಕಾಯ್ತಾ ಇದ್ದೀನಿ ಕಣಮ್ಮ. ಬರ್ತೀನಿ ಅಂತ ಬರೆದುಕೊಟ್ಟೆ. ನೀವೇ ಕರೀಲಿಲ್ಲ. ನನ್ನ ವಯಸ್ಸು ನೋಡಿ ಬಿಟ್ಟಿರಿ ಅಂದ್ಕೊಂಡೆ.”

ಅಜ್ಜಿಯ ಮಾತು ತಲೆಯಲ್ಲಿ ಕೂತಿತು. ಜನ ಬರುವುದಿಲ್ಲ, ಈಗಿನವರಿಗೆ ಸೇವೆ ಬೇಕಿಲ್ಲ ಅಂತ ನಮ್ಮ ಮೀಟಿಂಗುಗಳಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇವೋ. ಆ ಫಾರಂನಲ್ಲಿ ‘ಯಾವಾಗ ಬಿಡುವು’ ಅಂತ ಕೇಳಿದ್ದೆವು. ‘ಕನ್ನಡ ಬರೆಯಲು ಬರುತ್ತದೆಯಾ’ ಅಂತ ಕೇಳಿರಲಿಲ್ಲ. ‘ಎಲ್ಲಿಯವರೆಗೆ ಓದಿದ್ದೀರಿ’ ಅಂತ ಕೇಳಿರಲಿಲ್ಲ. ನಮಗೆ ಬೇಕಾದ ಕೆಲಸ ಯಾವುದು ಅಂತ ಬಂದವರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಗೊತ್ತಿರಲಿಲ್ಲ.

ಕೆಲಸವನ್ನೇ ಕೂತು ನೋಡಿದಾಗ

ಹಾಗಾಗಿ ಹಾಸ್ಟೆಲ್‌ನ ಊಟದ ಹಾಲ್‌ನಲ್ಲಿ ಹುಡುಗರನ್ನೇ ಕೂರಿಸಿಕೊಂಡು ಕೇಳಿದೆವು. ಸ್ಕ್ರೈಬ್ ಬಂದ ದಿನ ಏನಾಗುತ್ತದೆ? ಮೊದಲಿಂದ ಹೇಳಿ. ಇದನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅವರು ಶುರು ಮಾಡಿದರೆ ನಿಲ್ಲಿಸಲೇ ಇಲ್ಲ.

ಮೊದಲನೆಯದು ಸಮಯ. ನಾವು ಪ್ರಕಟಣೆಯಲ್ಲಿ ‘3 ಗಂಟೆಯ ಸೇವೆ’ ಅಂತ ಹಾಕುತ್ತಿದ್ದೆವು. ಪರೀಕ್ಷೆ 3 ಗಂಟೆಯದ್ದು ಅಲ್ವಾ? ಆದರೆ ಸ್ಕ್ರೈಬ್ ತೆಗೆದುಕೊಳ್ಳುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕು ಅಂತ ಕೇಂದ್ರ ಸರ್ಕಾರದ 2013ರ ಮಾರ್ಗಸೂಚಿಯಲ್ಲೇ ಇದೆ. 2018ರದ್ದರಲ್ಲೂ ಇದೆ. ಅಂದರೆ 3 ಗಂಟೆಯ ಪರೀಕ್ಷೆ 4 ಗಂಟೆಯಾಗುತ್ತದೆ. ಅದಕ್ಕೂ ಅರ್ಧ ಗಂಟೆ ಮೊದಲು ಅಲ್ಲಿರಬೇಕು. ಹೋಗಿ ಬರುವ ಟ್ರಾಫಿಕ್ಕು ಬೇರೆ. ಅರ್ಧ ದಿನ ರಜೆ ಹಾಕಿ ಬಂದವರು ನಡುವೆ ಚಡಪಡಿಸುತ್ತಿದ್ದರು. ಒಬ್ಬರು 12:30ಕ್ಕೆ ಸರಿಯಾಗಿ ಪೆನ್ನು ಇಟ್ಟು “ಸಾರಿ, ಮೀಟಿಂಗ್ ಇದೆ” ಅಂತ ಎದ್ದು ಹೋಗಿದ್ದರಂತೆ. ಆ ಹುಡುಗ ಉಳಿದ ಒಂದು ಗಂಟೆ ಉತ್ತರ ಪತ್ರಿಕೆಯ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದ. ನಮಗೆ ಹೇಳಿಯೇ ಇರಲಿಲ್ಲ. ಹೇಳಿದರೆ ಮುಂದಿನ ಸಲ ಯಾರೂ ಬರಲಿಕ್ಕಿಲ್ಲ ಅನ್ನುವ ಭಯ. ಎದ್ದು ಹೋದವರ ಮೇಲೆ ಸಿಟ್ಟು ಬಂತು. ಆಮೇಲೆ ನಮ್ಮದೇ ಪ್ರಕಟಣೆ ನೋಡಿದೆ. 3 ಗಂಟೆ ಅಂತಲೇ ಇತ್ತು. ಅವರು ಕೊಟ್ಟ ಮಾತಿನಷ್ಟು ಕೂತಿದ್ದರು.

ಎರಡನೆಯದು ಬರವಣಿಗೆ. ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು. ಮನೆಯಲ್ಲಿ ಕನ್ನಡವೇ. ಆದರೆ ಪೆನ್ನು ಹಿಡಿದು ಕನ್ನಡ ಬರೆದು ಹತ್ತು ವರ್ಷವಾಗಿದೆ. ‘ಸಾಮ್ರಾಜ್ಯ’, ‘ಅಷ್ಟದಿಗ್ಗಜರು’, ‘ರಾಷ್ಟ್ರಕೂಟರು’ ಅಂತ ಹೇಳುತ್ತಾ ಹೋದರೆ ಒತ್ತಕ್ಷರದ ಹತ್ತಿರ ಬಂದು ಪೆನ್ನು ನಿಲ್ಲುತ್ತದೆ. ಹುಡುಗ ಮುಂದಿನ ವಾಕ್ಯ ತಲೆಯಲ್ಲಿ ಹಿಡಿದುಕೊಂಡು ಕಾಯಬೇಕು. ಕಾಯುತ್ತಾ ಕಾಯುತ್ತಾ ಅದೂ ಮರೆತುಹೋಗುತ್ತದೆ. “ನನ್ ಉತ್ತರ ಅರ್ಧಾ ಆಗೋದು ಅಲ್ಲೇರಿ” ಅಂದ ಒಬ್ಬ.

ಮೂರನೆಯದು ಓದು. ವಿದ್ಯಾರ್ಥಿ ತನ್ನದೇ ಸ್ಕ್ರೈಬ್ ತರುವುದಾದರೆ ಆ ಸ್ಕ್ರೈಬ್‌ನ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತ 2018ರ ಮಾರ್ಗಸೂಚಿ ಹೇಳಿತ್ತು. ಉತ್ತರ ಹೇಳಿಕೊಡಬಾರದು ಅನ್ನುವ ಕಾಳಜಿ ಅದರ ಹಿಂದೆ. 2013ರದ್ದರಲ್ಲಿ ಹೀಗಿರಲಿಲ್ಲ. ಓದು, ವಯಸ್ಸು ಅಂತ ಷರತ್ತು ಹಾಕಬೇಡಿ, ಮೇಲ್ವಿಚಾರಣೆ ಬಿಗಿ ಮಾಡಿ ಅಂತಿತ್ತು. ನನ್ನನ್ನು ಕೇಳಿದರೆ ಹಳೆಯದೇ ವಾಸಿ. ಆದರೆ ಗೇಟಿನಲ್ಲಿ ನಿಂತು ವಾದ ಮಾಡಿದರೆ ಹುಡುಗನ ಸಮಯ ಹೋಗುತ್ತದೆ. ಈ ‘ಒಂದು ಮೆಟ್ಟಿಲು’ ಅನ್ನುವುದನ್ನು ಒಂದೊಂದು ಕೇಂದ್ರದವರು ಒಂದೊಂದು ಥರ ಓದುತ್ತಾರೆ. ನಮಗೆ ಸಿಕ್ಕಿದ ಕಡೆಯೆಲ್ಲ ಸಾರಾಂಶ ಒಂದೇ: ಡಿಗ್ರಿ ಪರೀಕ್ಷೆಗೆ ಡಿಗ್ರಿ ಆದವರು ಬೇಡ, ಪಿಯುಸಿ ಆದವರು ಇರಲಿ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ವಾರದ ದಿನ, ಬೆಳಿಗ್ಗೆ, ಐದು ಗಂಟೆ ಬಿಡುವಿರಬೇಕು. ಕನ್ನಡವನ್ನು ಸರಾಗವಾಗಿ ಬರೆಯಬೇಕು. ಡಿಗ್ರಿ ಮುಗಿಸಿರಬಾರದು. ನಮ್ಮ ಪಟ್ಟಿಯಲ್ಲಿದ್ದ ಇಂಜಿನಿಯರುಗಳು ಈ ಮೂರರಲ್ಲಿ ಒಂದಕ್ಕೂ ಹೊಂದುವುದಿಲ್ಲ. ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರು ಹೊಂದುತ್ತಾರೆ, ಆದರೆ ಅವರಿಗೂ ಅದೇ ವಾರ ಪರೀಕ್ಷೆ. ಮುನ್ನೂರು ಹೆಸರಿನಲ್ಲಿ ಈ ಕೆಲಸಕ್ಕೆ ಆಗುವವರು ಒಂದು ಕೈ ಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಒಬ್ಬರು ಆ ಅಜ್ಜಿ. ಅವರದು 1960ರ ದಶಕದ ಎಸ್‌ಎಸ್‌ಎಲ್‌ಸಿ.

ಹಿಟ್ಟಿನ ಗಿರಣಿ

ಉತ್ತರ ಸಿಕ್ಕಿದ್ದು ಬೇರೆ ಯಾವುದಕ್ಕೋ ಬಂದ ಕರೆಯಲ್ಲಿ. ಹೆಣ್ಣುಮಗಳೊಬ್ಬರು ಹಳೆ ಬಟ್ಟೆ ಕೊಡಬೇಕು, ತಗೋತೀರಾ ಅಂತ ಕೇಳಿದರು. ನಮ್ಮ ಮನೆಯ ಎರಡು ಬೀದಿ ಆಚೆಯವರು. ಬಟ್ಟೆ ತರಲು ಹೋದಾಗ ಗೋಡೆಗೆ ತಗುಲಿಸಿದ್ದ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆದಿತ್ತು. ಎಂಥಾ ಅಕ್ಷರ ಅಂತೀರಿ! ಮುತ್ತು ಪೋಣಿಸಿದ ಹಾಗೆ. ಕೇಳಿಯೇಬಿಟ್ಟೆ. ಅವರು ನಕ್ಕರು. “ಅಯ್ಯೋ, ನಾನು ಬರೀ ಪಿಯುಸಿ. ಆಮೇಲೆ ಮದುವೆ ಮಾಡಿಬಿಟ್ರು. ಕಾಲೇಜು ಪರೀಕ್ಷೆಗೆಲ್ಲ ನಾನೇನು ಮಾಡ್ಲಿ?”

‘ಬರೀ ಪಿಯುಸಿ.’ ನಾವು ಹುಡುಕುತ್ತಿದ್ದ ಅರ್ಹತೆ ಅಕ್ಷರಶಃ ಅದೇ.

ಹೊಸ ಪ್ರಕಟಣೆ ಬರೆದೆವು. ‘ಪಿಯುಸಿ ಆದವರು ಬೇಕಾಗಿದ್ದಾರೆ. ಡಿಗ್ರಿ ಆಗಿರಬಾರದು. ಕನ್ನಡ ಚೆನ್ನಾಗಿ ಬರೆಯಬೇಕು. ಬೆಳಿಗ್ಗೆ 9ರಿಂದ ಮಧ್ಯಾಹ್ನ 2. ವರ್ಷಕ್ಕೆ ಎರಡು ಸಲ ಪರೀಕ್ಷೆ, ಪ್ರತಿ ಸಲ ಎರಡೋ ಮೂರೋ ದಿನ. ಸಂಬಳ ಇಲ್ಲ. ಊಟ ಮತ್ತು ಓಡಾಟದ ಖರ್ಚು ನಮ್ಮದು.’ ಇಷ್ಟೇ. ಸೇವೆ, ತ್ಯಾಗ, ಬೆಳಕು ಅನ್ನುವ ಪದಗಳನ್ನೆಲ್ಲ ತೆಗೆದೆ. ಒಬ್ಬ ಟ್ರಸ್ಟಿಗೆ ಬೇಸರವಾಯಿತು. ಕೆಲಸಕ್ಕೆ ಜನ ಕರೆದ ಹಾಗಿದೆ ಅಂದರು. ಹೌದು, ಹಾಗೇ ಇರಲಿ ಅಂದೆ.

ಆ ಕಾಗದವನ್ನು ಫೇಸ್‌ಬುಕ್‌ಗೆ ಹಾಕಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಅಂಟಿಸಿದೆವು. ರಾಗಿ ಬೀಸಿಕೊಡುವವರೆಗೂ ಹೆಂಗಸರು ಅಲ್ಲೇ ನಿಂತಿರುತ್ತಾರೆ, ಓದಲು ಬೇರೇನೂ ಇರುವುದಿಲ್ಲ. ರೇಷನ್ ಅಂಗಡಿ, ಟೈಲರ್ ಅಂಗಡಿ, ಮಕ್ಕಳ ಶಾಲೆಯ ಗೇಟು. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿ ಹತ್ತು ನಿಮಿಷ ಮಾತಾಡಿದೆ. ಮೊದಲ ತಿಂಗಳು ಬಂದವರು ಒಂಬತ್ತೇ ಜನ. ಆದರೆ ಒಂಬತ್ತೂ ಜನ ಕೆಲಸಕ್ಕೆ ಆಗುವವರು.

ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಇಲ್ಲದಂತಾಯಿತು. ನಮಗೆ ಇದು ಸಣ್ಣ ವಿಷಯವೇ ಅಲ್ಲ. ಖರ್ಚು ಕೊಡುತ್ತೇವೆ ಅಂದರೂ ಇಪ್ಪತ್ತು ರೂಪಾಯಿಗೆ ಕೈ ಚಾಚಲು ಅವರಿಗೆ ಮುಜುಗರ. ಮನೆಯಲ್ಲಿ ಕೇಳಿ ತರಬೇಕಾದರೆ ಯಾಕೆ, ಎಲ್ಲಿಗೆ ಅಂತ ಪ್ರಶ್ನೆ. ಈಗ ಆಧಾರ್ ಕಾರ್ಡ್ ಒಂದು ಇದ್ದರೆ ಸಾಕು. ಪರೀಕ್ಷಾ ಕೇಂದ್ರದಲ್ಲೂ ಅದನ್ನೇ ತೋರಿಸಬೇಕು.

ಮನೆಯವರನ್ನು ಒಪ್ಪಿಸುವುದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಸೇರಿಸಿಕೊಳ್ಳಬೇಕಾಯಿತು. ಒಬ್ಬರ ಅತ್ತೆ “ಪರೀಕ್ಷೆ ಬರೆಯೋ ಹುಡುಗ ಅಂದ್ರೆ ಎಷ್ಟು ವಯಸ್ಸು? ಬಾಗಿಲು ಹಾಕಿರ್ತಾರಾ?” ಅಂತ ಕೇಳಿದರು. ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಸ್ಕ್ರೈಬ್ ಇರುವ ವಿದ್ಯಾರ್ಥಿಯನ್ನು ಬೇರೆ ಕೋಣೆಯಲ್ಲೇ ಕೂರಿಸುತ್ತಾರೆ. ಮೇಲ್ವಿಚಾರಕರು ಇರುತ್ತಾರೆ, ಬಾಗಿಲು ತೆರೆದಿರುತ್ತದೆ ಅಂತ ಹೇಳಿ, ಅತ್ತೆಯನ್ನೇ ಒಂದು ದಿನ ಹಾಸ್ಟೆಲ್‌ಗೆ ಕರೆದುಕೊಂಡು ಬಂದೆ. ಹುಡುಗರು ಅವರಿಗೆ ಚಹಾ ಮಾಡಿ ಕೊಟ್ಟರು. ಕಣ್ಣು ಕಾಣದವರು ಒಲೆ ಹಚ್ಚಿ ಚಹಾ ಸೋಸಿದ್ದು ನೋಡಿ ಅವರು ದಂಗಾದರು. ಅತ್ತೆಯೂ ಈಗ ಭಾನುವಾರ ಬಂದು ದಿನಪತ್ರಿಕೆ ಓದಿ ಹೇಳುತ್ತಾರೆ. ಅಪರಾಧ ಸುದ್ದಿ ಜಾಸ್ತಿ ಓದುತ್ತಾರೆ ಅಂತ ಹುಡುಗರ ದೂರು.

1556 ಮತ್ತು 1565

ತರಬೇತಿ ಅಂದರೆ ನಾವು ಮೊದಲು ಮಾಡುತ್ತಿದ್ದದ್ದು ಭಾಷಣ. ಟ್ರಸ್ಟಿನ ಇತಿಹಾಸ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಆಮೇಲೆ ಬಿಸ್ಕತ್ತು. ಕಾಯ್ದೆ ಮುಖ್ಯವೇ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಆಯಿತು. ಸ್ಕ್ರೈಬ್ ಪಡೆಯಲು 40 ಶೇಕಡಾ ಅಂಗವೈಕಲ್ಯ ಇರಲೇಬೇಕು ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿದೆ. ಆದರೆ ಇದನ್ನೆಲ್ಲ ಕೇಳಿಸಿಕೊಂಡು ಹೋದವರಿಗೆ ಪೆನ್ನು ಹಿಡಿದಾಗ ಏನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಈಗ ಹುಡುಗರೇ ಕಲಿಸುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಒಂದು ಗಂಟೆ ಬರೆಸುತ್ತಾರೆ. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಿ, ಅಂಕ ಸಮೇತ. ‘ಯಾವುದಾದರೂ ಐದಕ್ಕೆ’ ಅನ್ನುವ ಸೂಚನೆ ಬಿಡಬೇಡಿ. ಅರ್ಧ ಗಂಟೆಗೊಮ್ಮೆ ಟೈಮ್ ಹೇಳಿ. ಎಷ್ಟು ಪುಟ ಆಯಿತು ಹೇಳಿ. ನಾನು ತಡೆದರೆ ಕೊನೆಯ ವಾಕ್ಯ ಓದಿ ಹೇಳಿ. ನಾನು ಸುಮ್ಮನೆ ಕೂತರೆ ನೀವೂ ಸುಮ್ಮನೆ ಕೂರಿ, ನನಗೆ ಮರೆತುಹೋಗಿದೆ ಅಂತಲ್ಲ. ಈ ಕೊನೆಯದು ನಮ್ಮ ಹೆಂಗಸರಿಗೆ ತುಂಬಾ ಕಷ್ಟವಾಯಿತು. ಮಗುವಿಗೆ ಹೋಮ್‌ವರ್ಕ್ ಮಾಡಿಸಿ ಅಭ್ಯಾಸ, ನೋಡಿ.

ಒಂದು ಸಲ ಏನಾಯಿತೆಂದರೆ, ಎಲ್ಲರಿಗಿಂತ ನಂಬಿಕಸ್ತರಾದ ಒಬ್ಬರು ಆ ರಾಯಚೂರಿನ ಹುಡುಗನಿಗೇ ಬರೆಯಲು ಹೋಗಿದ್ದರು. ತಾಳಿಕೋಟೆ ಯುದ್ಧದ ಪ್ರಶ್ನೆ. ಹುಡುಗ ಅವಸರದಲ್ಲಿ 1556 ಅಂದ. ಇವರಿಗೆ 1565 ಅಂತ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಸುಮ್ಮನೆ 1565 ಅಂತ ಬರೆದರು. ಹೊರಗೆ ಬಂದ ಮೇಲೆ ಖುಷಿಯಿಂದ ಅವನಿಗೇ ಹೇಳಿದರು.

ಹುಡುಗ ಕೆಂಡವಾದ. “ತಪ್ಪಾದ್ರ ನಂದ್ ತಪ್ಪಾಗ್ತದರಿ. ನೀವು ಬರದ್ರ ಅದು ನನ್ ಪೇಪರ್ ಹೆಂಗ ಆಗ್ತದ?”

ಆಕೆ ಅತ್ತರು. ಒಳ್ಳೇದು ಮಾಡಲು ಹೋದರೆ ಬೈಗುಳ ಅಂತ ನನಗೆ ಫೋನ್ ಮಾಡಿದರು. ಇಲ್ಲಿ ನನಗೆ ಇಬ್ಬರನ್ನೂ ಸಮಾಧಾನ ಮಾಡಿ ಮುಗಿಸುವ ದಾರಿ ಇತ್ತು. ಮುಂಚೆಯಾದರೆ ಹಾಗೇ ಮಾಡುತ್ತಿದ್ದೆ. ಸ್ವಯಂಸೇವಕರು ಬೇಜಾರು ಮಾಡಿಕೊಂಡರೆ ಹೋಗಿಬಿಡುತ್ತಾರೆ ಅನ್ನುವ ಅಂಜಿಕೆ ಈ ಕೆಲಸದಲ್ಲಿರುವ ಎಲ್ಲರಿಗೂ ಇದೆ. ಈ ಸಲ ಹುಡುಗ ಹೇಳಿದ್ದೇ ಸರಿ ಅಂದೆ. ಒಂದು ಅಂಕದ ಮಾತಲ್ಲ, ಸಿಕ್ಕಿಬಿದ್ದರೆ ಇಡೀ ಪತ್ರಿಕೆಯೇ ರದ್ದಾಗಬಹುದಿತ್ತು ಅಂತ ಬಿಡಿಸಿ ಹೇಳಿದೆ. ಅವರು ಒಂದು ತಿಂಗಳು ಬರಲಿಲ್ಲ. ಮತ್ತೆ ಬಂದದ್ದು ಆ ಹುಡುಗನೇ ಫೋನ್ ಮಾಡಿ “ಅಕ್ಕಾರ, ರಾಜ್ಯಶಾಸ್ತ್ರಕ್ಕ ನೀವ ಬರ್ರಿ, ನಿಮ್ಮಷ್ಟು ಜಲ್ದಿ ಯಾರೂ ಬರಿಯಂಗಿಲ್ಲ” ಅಂದಾಗ.

ಇನ್ನೊಬ್ಬರ ವಿಷಯದಲ್ಲಿ ಹೀಗಾಗಲಿಲ್ಲ. ಹಾಸ್ಟೆಲ್‌ಗೆ ಓದಿ ಹೇಳಲು ಬರುತ್ತಿದ್ದ ಹಿರಿಯರು. ತಪ್ಪದೆ ಬರುತ್ತಿದ್ದರು, ಆದರೆ ಪಾಠದ ಬದಲು ಹುಡುಗರ ಪೂರ್ವಜನ್ಮದ ಕರ್ಮದ ಬಗ್ಗೆ ಮಾತಾಡುತ್ತಿದ್ದರು. ಎರಡು ಸಲ ಹೇಳಿದೆವು. ಮೂರನೇ ಸಲ ಇನ್ನು ಬರುವುದು ಬೇಡ ಅಂದೆವು. ಪುಕ್ಕಟೆ ಬರುವವರನ್ನು ಬೇಡ ಅನ್ನಬಹುದು ಅಂತ ನಮ್ಮ ಟ್ರಸ್ಟಿಗಳಿಗೆ ಆವತ್ತೇ ಗೊತ್ತಾದದ್ದು.

ಹಿಂದಿನ ಸಂಜೆ

ವ್ಯವಸ್ಥೆಯಲ್ಲಿ ಬದಲಾದದ್ದು ಹೆಚ್ಚೇನಿಲ್ಲ. ಪರೀಕ್ಷೆಗೆ ಎರಡು ದಿನ ಮೊದಲು ವಿದ್ಯಾರ್ಥಿ ಮತ್ತು ಸ್ಕ್ರೈಬ್ ಭೇಟಿಯಾಗುತ್ತಾರೆ. ಇದೇನು ನಮ್ಮ ಕಲ್ಪನೆಯಲ್ಲ, ಮಾರ್ಗಸೂಚಿಯಲ್ಲೇ ಇದೆ. ನಾವು ಓದಿರಲಿಲ್ಲ ಅಷ್ಟೇ. ಸ್ಕ್ರೈಬ್ ಹೊಂದುತ್ತಾರಾ ಅಂತ ನೋಡಿ ಬೇಡ ಅನ್ನುವ ಹಕ್ಕು ವಿದ್ಯಾರ್ಥಿಯದು. ಹಿಂದಿನ ಸಂಜೆ ನಾನೇ ಫೋನ್ ಮಾಡಿ ದನಿ ಕೇಳುತ್ತೇನೆ. ವಾಟ್ಸ್‌ಆ್ಯಪ್‌ನ ಹೆಬ್ಬೆರಳನ್ನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ‘ನೋಡಿದೆ’ ಅಂತ ಹೇಳುತ್ತದೆ, ‘ಬರುತ್ತೇನೆ’ ಅಂತಲ್ಲ.

ಪ್ರತಿ ಎರಡು ಪರೀಕ್ಷೆಗೆ ಒಬ್ಬರು ಹೆಚ್ಚಿಗೆ ಇರುತ್ತಾರೆ. ಮನೆಯಲ್ಲೇ ಇದ್ದು ಫೋನ್ ಬಂದರೆ ಹೊರಡಿ ಅಂತ ಮೊದಲು ಹೇಳಿದ್ದೆವು. ಅದು ಕೈಕೊಟ್ಟಿತು. ಮೂರು ಸಲ ಸುಮ್ನೆ ಕಾದವರು ನಾಲ್ಕನೇ ಸಲ ಮಾರ್ಕೆಟ್ಟಿಗೆ ಹೋಗಿದ್ದರು. ಕಾಯುವುದು ಯಾರಿಗೂ ಇಷ್ಟವಿಲ್ಲ. ಈಗ ಅವರು ಹಾಸ್ಟೆಲ್‌ಗೇ ಬಂದು ಮುಂದಿನ ಪತ್ರಿಕೆ ಇರುವ ಹುಡುಗರಿಗೆ ಓದಿ ಹೇಳುತ್ತಾರೆ. ಕರೆ ಬಂದರೆ ಅಲ್ಲಿಂದಲೇ ಹೊರಡುತ್ತಾರೆ, ಬರದಿದ್ದರೂ ದಿನ ವ್ಯರ್ಥವಾಗುವುದಿಲ್ಲ.

ಖರ್ಚಿನ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. “ದುಡ್ಡು ಕೊಟ್ಟರೆ ಅದು ಸೇವೆ ಹೇಗಾಗುತ್ತೆ?” ಅಂತ ಕೇಳಿದವರು ಮೀಟಿಂಗಿಗೆ ಕಾರಿನಲ್ಲಿ ಬಂದಿದ್ದರು, ಡ್ರೈವರ್ ಹೊರಗೆ ಕಾಯುತ್ತಿದ್ದ. ತಡವಾದಾಗಿನ ಆಟೋ ಖರ್ಚು, ಮಧ್ಯಾಹ್ನದ ಊಟ, ಎರಡು ಒಳ್ಳೆಯ ಪೆನ್ನು. ಇಷ್ಟನ್ನು ಕೇಳದೆಯೇ ಕವರಿನಲ್ಲಿ ಹಾಕಿ ಮೊದಲೇ ಕೊಡುವುದು ಅಂತ ಕೊನೆಗೆ ಒಪ್ಪಿದರು.

ಹಾಗಾದರೆ ಇಂಜಿನಿಯರುಗಳು?

ಗೇಟಿನಿಂದ ವಾಪಸ್ ಹೋದ ಆ ಬಿ.ಇ. ಹುಡುಗನಿಗೆ ಮರುದಿನ ಫೋನ್ ಮಾಡಿ ಕ್ಷಮೆ ಕೇಳಿದೆ. “ಬೇರೆ ಏನಾದ್ರೂ ಇದ್ರೆ ಹೇಳಿ ಮೇಡಂ” ಅಂದ. ಆಗ ಹೇಳಲು ಏನೂ ಇರಲಿಲ್ಲ. ಕೆಲವು ತಿಂಗಳ ನಂತರ ಸಿಕ್ಕಿತು.

ನಮಗೆ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ಪಠ್ಯಪುಸ್ತಕ ಟೈಪ್ ಮಾಡಿಕೊಡುತ್ತಿದ್ದರು. ತಿಂಗಳುಗಟ್ಟಲೆ ಕೂತು ಅರ್ಥಶಾಸ್ತ್ರದ ಒಂದು ಇಡೀ ಪುಸ್ತಕ ಮುಗಿಸಿ ಪೆನ್‌ಡ್ರೈವ್ ತಂದುಕೊಟ್ಟರು. ಹುಡುಗರ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಇದೆ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುತ್ತದೆ. ಪೆನ್‌ಡ್ರೈವ್ ಹಾಕಿ ಫೈಲ್ ತೆರೆದರೆ ಅದು ಪಿ, ಪೌಂಡ್, ಕ್ಯೂ ಅಂತ ಏನೇನೋ ಬಡಬಡಿಸಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಆ ಹಿರಿಯರು ಟೈಪ್ ಮಾಡಿದ್ದು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜೋಡಣೆ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್‌ನಲ್ಲಿದ್ದರೆ ಮಾತ್ರ ಯಂತ್ರಕ್ಕೆ ಅದು ಕನ್ನಡ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇದೆ. ನಾವು ಹೇಳಿರಲಿಲ್ಲ.

ಆ ಹಿರಿಯರು ಬೈಯಲಿಲ್ಲ. “ಮೊದಲೇ ಒಂದು ಪುಟ ತೋರಿಸಿ ಅಂದಿದ್ದರೆ ತೋರಿಸ್ತಿದ್ದೆನಲ್ಲಮ್ಮ” ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಹಳೆಯ ಅಕ್ಷರವನ್ನು ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳಿವೆ. ಬಿ.ಇ. ಹುಡುಗನಿಗೆ ಫೋನ್ ಮಾಡಿದೆ. ಅವನು ರಾತ್ರಿ ಹತ್ತು ಗಂಟೆಯ ಮೇಲೆ ಕೂತು ಇಡೀ ಪುಸ್ತಕ ಬದಲಾಯಿಸಿದ. ಅರ್ಕಾವತ್ತು ಇದ್ದ ಕಡೆಯೆಲ್ಲ ಅಕ್ಷರ ಹಿಂದೆ ಮುಂದೆ ಆಗಿತ್ತು. ‘ಆರ್ಥಿಕ’ ಅನ್ನುವ ಪದ ಅರ್ಥಶಾಸ್ತ್ರದ ಪುಸ್ತಕದಲ್ಲಿ ಎಷ್ಟು ಸಲ ಬರುತ್ತದೆ ಅಂತ ಯೋಚಿಸಿ. ಆ ತಪ್ಪುಗಳನ್ನು ತಿದ್ದಲು ಅವನೇ ತನ್ನ ಆಫೀಸಿನ ನಾಲ್ಕು ಗೆಳೆಯರನ್ನು ಸೇರಿಸಿದ. ಯಾರೂ ಹಾಸ್ಟೆಲ್‌ಗೆ ಬರಬೇಕಿಲ್ಲ, ರಜೆ ಹಾಕಬೇಕಿಲ್ಲ. ಕೃತಿಸ್ವಾಮ್ಯದ ತೊಂದರೆ ಬರಲ್ವಾ ಅಂತ ಒಬ್ಬ ಕೇಳಿದ. ಓದಲಾಗದ ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು 2012ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಈಗ ಹೊಸದಾಗಿ ಟೈಪ್ ಮಾಡುವವರು ಮೊದಲ ಎರಡು ಪುಟ ಕಳಿಸಿದ ಮೇಲೆ ಒಬ್ಬ ಹುಡುಗ ಕೇಳಿ ಹೂಂ ಅನ್ನಬೇಕು. ಆಮೇಲೇ ಮೂರನೇ ಪುಟ.

ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳೂ ಇದಕ್ಕೇ ಒದಗಿದರು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮುಗಿಸಬೇಕು ಅವರು. ಸಹಿಗೋಸ್ಕರ ಬರುತ್ತಾರೆ ಅಂತ ಮೂಗು ಮುರಿಯುವವರಿದ್ದಾರೆ. ಸಹಿಗೋಸ್ಕರ ಬಂದವರು ಹೇಳಿದ ಸಮಯಕ್ಕೆ ಬರುತ್ತಾರೆ, ಹೇಳಿದಷ್ಟು ಮಾಡುತ್ತಾರೆ. ನನಗೆ ಅಷ್ಟು ಸಾಕು. ಅದರಲ್ಲಿ ಇಬ್ಬರು ಗಂಟೆ ಮುಗಿದ ಮೇಲೂ ಬರುತ್ತಿದ್ದಾರೆ.

ನಿಲ್ಲಿಸಿದ್ದು ಕಂಪನಿಗಳ ಒಂದು ದಿನದ ಭೇಟಿ. ಒಂದೇ ಬಣ್ಣದ ಟೀ ಶರ್ಟಿನಲ್ಲಿ ನಲವತ್ತು ಜನ ಶನಿವಾರ ಬರುತ್ತಿದ್ದರು. ಕೇಕು, ಹಾಡು, ಫೋಟೊ. ಮುಂದಿನ ವಾರ ಸೆಮಿಸ್ಟರ್ ಪರೀಕ್ಷೆ ಇದ್ದರೂ ಹುಡುಗರು ಎದ್ದು ಬಂದು ಹಾಡಬೇಕು. ಒಂದು ಶನಿವಾರ ಬಸ್ಸಿನ ಸದ್ದು ಕೇಳಿ ಒಬ್ಬ “ಅಕ್ಕಾ, ಇವತ್ತೂ ಕೇಕಾ?” ಅಂತ ಕೇಳಿದ. ಆ ಕಂಪನಿಗಳಿಗೆ ಈಗ ಕೇಕಿನ ಬದಲು ಟೈಪಿಂಗ್ ಪುಟಗಳನ್ನು ಕಳಿಸುತ್ತೇವೆ. ಕೆಲವರು ಒಪ್ಪಿದರು. ಕೆಲವರು ಬೇರೆ ಹಾಸ್ಟೆಲ್ ಹುಡುಕಿಕೊಂಡರು. ದೇಣಿಗೆಯೂ ಸ್ವಲ್ಪ ಇಳಿಯಿತು, ಅದನ್ನು ಮುಚ್ಚಿಡುವುದಿಲ್ಲ.

ಈಗಿನ ಪಟ್ಟಿ

ಈಗ ನನ್ನ ಪಟ್ಟಿಯಲ್ಲಿ ಸ್ಕ್ರೈಬ್‌ಗಳು 34 ಜನ. ವರದಿಯಲ್ಲಿ ದಪ್ಪ ಅಕ್ಷರಕ್ಕೆ ಹಾಕುವಂಥ ಸಂಖ್ಯೆಯಲ್ಲ. ಕಳೆದ ಮೂರು ಸೆಮಿಸ್ಟರ್‌ನಲ್ಲಿ ಒಂದೇ ಸಲ ಸ್ಕ್ರೈಬ್ ತಪ್ಪಿತು, ಆಕೆಯ ಮಗುವಿಗೆ ಡೆಂಗಿ. ಬದಲಿಗೆ ಇದ್ದವರು 9:20ಕ್ಕೆ ಕೇಂದ್ರದಲ್ಲಿದ್ದರು.

ಬಗೆಹರಿಯದ್ದೂ ಇದೆ. ಗಣಿತ, ಅಂಕಿಅಂಶದ ಪತ್ರಿಕೆಗಳಿಗೆ ಸ್ಕ್ರೈಬ್ ಸಿಗುವುದು ಈಗಲೂ ಕಷ್ಟ. ಸೂತ್ರಗಳನ್ನು ಕೇಳಿ ಬರೆಯುವುದು ಬೇರೆಯೇ ವಿದ್ಯೆ. ಮೇ ತಿಂಗಳಲ್ಲಿ ಪರೀಕ್ಷೆ ಬಂದರೆ ಹೆಂಗಸರೆಲ್ಲ ಮಕ್ಕಳ ಜೊತೆ ತವರಿಗೆ ಹೋಗಿರುತ್ತಾರೆ. ಅದಕ್ಕಿನ್ನೂ ದಾರಿ ಕಂಡಿಲ್ಲ.

ಇನ್ನೊಂದು ತೊಂದರೆ ಹೋದ ತಿಂಗಳು ಶುರುವಾಯಿತು. ಆ ಕ್ಯಾಲೆಂಡರಿನ ಅಕ್ಷರದವರು, ‘ಬರೀ ಪಿಯುಸಿ’ ಅಂದವರು, ಮನೆಗೆ ಬಂದರು. ಕೈಯಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ. ಬಿ.ಎ.ಗೆ ಸೇರುತ್ತಾರಂತೆ, ಇತಿಹಾಸ ತೆಗೆದುಕೊಂಡು. “ಅಷ್ಟು ಸಲ ಬರೆದಿದ್ದೀನಿ, ಪ್ರಶ್ನೆಗಳೆಲ್ಲ ಬಾಯಿಗೆ ಬಂದುಬಿಟ್ಟಿವೆ” ಅಂದರು. ಆಮೇಲೆ ಸ್ವಲ್ಪ ಅಳುಕಿನಿಂದ ಕೇಳಿದರು, “ಡಿಗ್ರಿ ಆದ್ರೆ ನನ್ನ ಬಿಟ್ಟುಬಿಡ್ತೀರಾ?”

ರಾಯಚೂರಿನ ಹುಡುಗ ಅಲ್ಲೇ ಕೂತಿದ್ದ. ಅವನೀಗ ಎಂ.ಎ. ಓದುತ್ತಿದ್ದಾನೆ. “ನಂದೂ ಒಂದ್ ಮೆಟ್ಟಲಾ ಮ್ಯಾಲ ಹೋಗೇತಿ ಅಕ್ಕಾರ, ಪಿಎಚ್‌ಡಿ ತನಕ ನಡೀತದ” ಅಂದ.

ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಪಿಯುಸಿ’ ಅಂತ ಇರುವಲ್ಲಿ ಪೆನ್ಸಿಲ್‌ನಲ್ಲಿ ‘ಇನ್ನು 3 ವರ್ಷ’ ಅಂತ ಬರೆದುಕೊಂಡೆ. ಅರ್ಜಿಗೆ ಎರಡು ಫೋಟೊ ಬೇಕಿತ್ತು. ಸ್ಟುಡಿಯೊ ಮುಚ್ಚುವ ಹೊತ್ತಾಗಿತ್ತು, ಇಬ್ಬರೂ ಹೊರಟೆವು.